ಐದು ಗೀಟು

ಶೀಬಾಗೆ ಮೂಗಿನ ತುದಿಯಲ್ಲೇ ಕೋಪ. ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ ಇದನ್ನು ಯಾರೂ ದೂರೆಂದು ಹೇಳುವುದಿಲ್ಲ, ಅವಳ ಮನೆಗೆ ದಾರಿ ಕೇಳಿದವರಿಗೆ ಗುರುತು ಎಂದು ಹೇಳುತ್ತಾರೆ. ಬೀದಿಯ ತಿರುವಿನಲ್ಲಿ ಅವಳದೊಂದು ಜೆರಾಕ್ಸ್ ಅಂಗಡಿ. ಕರೆಂಟ್ ಬಿಲ್ಲಾಗಲಿ, ಆಧಾರ್ ತಿದ್ದುಪಡಿಯಾಗಲಿ, ಬೀದಿಯವರು ಅಲ್ಲಿಗೇ ಬರಬೇಕು, ಒಂದಿಷ್ಟು ಬೈಸಿಕೊಂಡೇ ಹೋಗಬೇಕು. ಬೈದರೂ ಯಾರ ಕೆಲಸವನ್ನೂ ಕೆಡಿಸಿದವಳಲ್ಲ.

ಆ ಬೈಗುಳ ತಾಗದಿದ್ದದ್ದು ಅವಳ ತಾಯಿ ಖತೀಜಾಗೆ ಮಾತ್ರ. ಖತೀಜಾ ಹರೆಯದಿಂದಲೂ ಮರ ಕಡೆಯುವ ಲೇತ್ ಮುಂದೆ ಕೂತು ಮಕ್ಕಳ ಗಿಲಕಿ ಮಾಡಿದವಳು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಳೆಂದರೆ ಕೆಂಪು ಹಳದಿಗೆ ಸೋಕುತ್ತಿರಲಿಲ್ಲ, ಹಳದಿ ಹಸಿರಿಗೆ ಸೋಕುತ್ತಿರಲಿಲ್ಲ. ಆ ಗಿಲಕಿಗಳು ಯಾರ ಯಾರದೋ ಅಂಗಡಿಯ ಚೀಟಿ ಅಂಟಿಸಿಕೊಂಡು ಎಲ್ಲೆಲ್ಲಿಗೋ ಹೋದವು. ಮಾಡಿದವಳ ಹೆಸರು ಒಂದರ ಮೇಲೂ ಇರಲಿಲ್ಲ. ಈಗ ಕೈ ನಡುಗುತ್ತದೆ, ಲೇತ್ ಮುಟ್ಟುವ ಹಾಗಿಲ್ಲ. ಅವಳ ಕೊನೆಯ ಗಿಲಕಿಯನ್ನು ಶೀಬಾ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಳು. ರಾಮನಗರದಲ್ಲಿ ಬೊಂಬೆ ಪ್ರದರ್ಶನ ನಡೆಯುತ್ತದೆ, ಆಯ್ದ ಬೊಂಬೆಗಳನ್ನು ಮಾಡಿದವರ ಹೆಸರಿನ ಸಮೇತ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದು ಗೊತ್ತಾದಾಗ ಅವಳು ಹಟ ಹಿಡಿದಳು. ಅಮ್ಮಿಯ ಹೆಸರು ಒಂದು ಸಲವಾದರೂ ಅಮ್ಮಿಯ ಕಣ್ಣಿಗೆ ಬೀಳಬೇಕು.

ಪ್ರದರ್ಶನ ಸಮಿತಿಯ ಸುತ್ತೋಲೆಯಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು. ಪ್ರತಿ ಫೋಟೋದ ಫೈಲಿಗೆ ಮಾಡಿದವರ ಹೆಸರನ್ನೇ ಇಡಬೇಕು, ಅದೂ ಕಡ್ಡಾಯವಾಗಿ ಕನ್ನಡದಲ್ಲಿ. ಶೀಬಾ ಬೀದಿಯವರ ಬೊಂಬೆಗಳ ಫೋಟೋ ತೆಗೆದು, ಒಂದೊಂದಕ್ಕೂ ಕನ್ನಡದಲ್ಲೇ ಹೆಸರು ಕೊಟ್ಟು, ಎಲ್ಲವನ್ನೂ ಒಂದೇ ಜಿಪ್ ಫೈಲಾಗಿ ಗಂಟು ಕಟ್ಟಿ ಕಳಿಸಿದಳು.

ಆಯ್ಕೆಯಾದವರ ಪಟ್ಟಿ ಬಂತು. ಅದರಲ್ಲಿ ಖತೀಜಾ ಇರಲಿಲ್ಲ. ಎದುರುಮನೆಯ ಮತೀನ್ ಇದ್ದ.

ಮತೀನ್ ಬೊಂಬೆ ಮಾಡುವುದಕ್ಕಿಂತ ಮಾರುವುದೇ ಹೆಚ್ಚು, ಬೆಣ್ಣೆಯಂಥ ಮಾತಿನವನು. ಶೀಬಾ ಚಪ್ಪಲಿ ಮೆಟ್ಟಿಕೊಳ್ಳುವಷ್ಟೂ ತಡೆಯದೆ ಅವನ ಅಂಗಡಿಗೆ ನುಗ್ಗಿದಳು.

"ಯಾರ್ ಕೈ ಬಿಸಿ ಮಾಡ್ದೆ ಮತೀನ್? ನಿಮ್ಮಪ್ಪಂಗೆ ಅರಗು ಹಚ್ಚೋದ್ ಕಲ್ಸಿದ್ದೇ ನಮ್ಮಮ್ಮಿ. ಅವಳ ಜಾಗಕ್ಕೇ ಕೈ ಹಾಕ್ಬುಟ್ಟಲ್ಲ."

"ಅಲ್ಲಾನ ಆಣೆಗೂ ನಂಗೇನೂ ಗೊತ್ತಿಲ್ಲ ಆಪಾ. ಫೋಟೋ ಎಲ್ಲಾ ಕಳ್ಸಿದ್ದು ನೀನೇ ಅಲ್ವಾ?"

ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. ಕಳಿಸಿದ್ದು ತಾನೇ ಎಂಬ ಮಾತು ನಿಜವಾದ್ದರಿಂದಲೇ ಶೀಬಾಗೆ ಇನ್ನಷ್ಟು ಉರಿಯಿತು. ಅವನ ಲಂಚ, ಅವನ ಅಂಗಡಿ, ಅವನ ನಗು, ಒಂದನ್ನೂ ಬಿಡದೆ ಜಾಲಾಡಿ, ನೆಟ್ಟಗೆ ಹೋಗಿ ರಾಮನಗರದ ಬಸ್ಸು ಹತ್ತಿದಳು.

ಸಮಿತಿಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವನು ಅಶ್ವಥ್. ಅವನು ತಕರಾರಿಲ್ಲದೆ ಶೀಬಾ ಕಳಿಸಿದ ಫೋಲ್ಡರ್ ತೆರೆದು ತೋರಿಸಿದ. "ನೀವ್ ಕಳ್ಸಿದ್ದು ಇಷ್ಟೇ ಅಕ್ಕ."

ಅರ್ಧಕ್ಕರ್ಧ ಫೋಟೋಗಳೇ ಇರಲಿಲ್ಲ. ಇದ್ದವಕ್ಕೂ ಹೆಸರಿರಲಿಲ್ಲ. ಹೆಸರು ಇರಬೇಕಾದ ಜಾಗದಲ್ಲಿ ಸಾಲಾಗಿ ಗೀಟುಗಳು, ಬರೀ ಗೀಟುಗಳು.

"ನನ್ನ ಲ್ಯಾಪ್‌ಟಾಪಲ್ಲಿ ಕನ್ನಡ ನೆಟ್ಟಗೆ ಐತೆ. ಇದೇನಿದು?"

"ಇದು ಹಳೇ ಮಿಷಿನ್ನು, ಇದರ ಸಿಸ್ಟಮ್ಮೇ ಬೇರೆ. ಫೈಲ್ ಹೆಸರಲ್ಲಿ ಕನ್ನಡ ಬಂದ್ರೆ ಅಕ್ಷರಕ್ಕೊಂದು ಗೀಟು ಹಾಕ್ಬುಡ್ತದೆ. ಜಿಪ್ ಬಿಚ್ಚುವಾಗ ಇದೇ ಹೆಸರಿಂದು ಆಗ್ಲೇ ಐತೆ, ಅದನ್ನ ಅಳ್ಸಿ ಅದರ ಮೇಲೆ ಹಾಕ್ಲಾ ಅಂತು. ಪದೇ ಪದೇ ಕೇಳ್ತಿತ್ತು. ಎಲ್ಲಕ್ಕೂ ಹೂಂ ಅಂತ ಒತ್ತುಬುಟ್ಟೆ."

ಶೀಬಾ ಬೆರಳು ಮಡಿಸಿದಳು. ಖ, ತ, ಅದರ ದೀರ್ಘ, ಜ, ಅದರ ದೀರ್ಘ. ಗುಣಿತದ ಗುರುತಿಗೂ, ಅರ್ಧಾಕ್ಷರದ ಗುರುತಿಗೂ ಕಂಪ್ಯೂಟರ್ ಒಂದೊಂದು ಲೆಕ್ಕ ಹಿಡಿಯುತ್ತದೆ, ಐದು ಗೀಟು. ಮತೀನನಿಗೂ ಐದು. ಪಕ್ಕದ ಮನೆಯ ಇಕ್ರಾಗೂ ಐದು. ಮೂವರೂ ಆ ಯಂತ್ರಕ್ಕೆ ಒಬ್ಬರೇ ಆಗಿಹೋಗಿದ್ದರು. ಇಕ್ರಾಳ ಮೇಲೆ ಖತೀಜಾ ಬಂದು ಕೂತಳು, ಖತೀಜಾಳ ಮೇಲೆ ಮತೀನ್ ಬಂದು ಕೂತ. ಅವನ ಫೋಟೋದಲ್ಲಿ ಅಂಗಡಿಯ ಬೋರ್ಡು ಕಂಡದ್ದರಿಂದ ಅಶ್ವಥ್ ಅವನ ಹೆಸರು ಬರೆದುಕೊಂಡಿದ್ದ.

ಶೀಬಾ ಮೊಬೈಲಿನಲ್ಲಿದ್ದ ಗಿಲಕಿಯ ಫೋಟೋ ತೆರೆದು ಅವನ ಮೂಗಿನ ಮುಂದೆ ಹಿಡಿದಳು. ಅವನು ಅದನ್ನು ಒಯ್ದು ಪಕ್ಕದ ಕೋಣೆಯಲ್ಲಿದ್ದ ಸಮಿತಿಯವರಿಗೆ ತೋರಿಸಿ, ಬೇಗನೇ ಹಿಂದಿರುಗಿದ.

"ಒಪ್ಪವ್ರೆ ಅಕ್ಕ. ಮಿಕ್ಕವ್ರ ಫೋಟೋನೂ ಇನ್ನೊಂದ್ಸಲ ನೋಡ್ತಾರಂತೆ, ಕಳ್ಸಿ. ಈ ಸಲ ಹೆಸರು ಇಂಗ್ಲಿಷಲ್ಲೇ ಹಾಕ್ಕೋತೀನಿ, ತೊಂದ್ರೆ ಇರಲ್ಲ. ಚೀಟಿಗೆ ಕನ್ನಡ ಕಂಪ್ಯೂಟರ್ರೇ ಮಾಡ್ಕೊಳ್ತದೆ."

ಅಲ್ಲಿಗೆ ಶೀಬಾ ಸುಮ್ಮನಿದ್ದು, ಅವನು ಒತ್ತುವ ಅಕ್ಷರಗಳನ್ನು ನೋಡಬೇಕಿತ್ತು. ಆದರೆ ಅವಳ ಕಣ್ಣು ಗೋಡೆಗೆ ಅಂಟಿಸಿದ್ದ ಸುತ್ತೋಲೆಯ ಮೇಲೆ ಬಿತ್ತು.

"ಕಡ್ಡಾಯವಾಗಿ ಕನ್ನಡದಲ್ಲಿ ಅಂತ ಬರ್ದಿದ್ದು ಯಾರು?"

"ಮೇಲಿನೋರು."

"ಕನ್ನಡ ಕನ್ನಡ ಅಂತ ನಮ್ ತಲೆ ಮೇಲೆ ಹೊಡೀತೀರಿ. ಕಳಿಸಿದ್ರೆ ಗೀಟು ಎಳೀತೀರಿ. ಓದಕ್ಕಾಗಲ್ಲ ಅಂತ ಒಂದು ಫೋನ್ ಮಾಡಕ್ಕೆ ಏನಾಗಿತ್ತು? ಹೆಸರಿಲ್ಲದೋರು ಅಂತ ಹೆಂಗ್ ಅಂದ್ಕೊಂಡ್ರಿ ನಮ್ಮನ್ನ?"

ಅವಳು ಗೋಡೆಯ ಕಡೆ ತಿರುಗಿ ಬೈದಳು, ಅಶ್ವಥ್ ತಲೆ ತಗ್ಗಿಸಿ ಟೈಪ್ ಮಾಡಿದ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಊರಿಗೆ ಬಂದವಳು ಮತೀನನ ಅಂಗಡಿಯ ಮುಂದೆ ನಿಂತಳು. "ತಪ್ಪು ನಿಂದಲ್ಲ. ಹಂಗಂತ ಹಲ್ ಕಿರೀಬೇಡ."

"ಕಿರೀತಿಲ್ಲ ಆಪಾ," ಎಂದ ಮತೀನ್. ಆದರೂ ಅವನ ಮುಖ ಮೊದಲಿನಂತೆ ಆಗಲಿಲ್ಲ. ಲಂಚದ ಮಾತು ಬೀದಿಯ ಕಿವಿಗೆ ಬಿದ್ದಾಗಿತ್ತು. ಅದನ್ನು ತಾನೇ ಹಿಂತೆಗೆದುಕೊಳ್ಳಬೇಕು, ಬೇರೆ ಯಾರಿಂದಲೂ ಆಗದು ಎಂದು ಶೀಬಾಗೆ ಗೊತ್ತಿತ್ತು, ಅದಕ್ಕೂ ಅವಳಿಗೆ ಕೋಪವೇ ಬಂತು.

ಪ್ರದರ್ಶನದ ದಿನ ಮತೀನನೇ ತನ್ನ ವ್ಯಾನಿನಲ್ಲಿ ತಾಯಿ ಮಗಳನ್ನು ಕರೆದುಕೊಂಡು ಹೋದ. ಖತೀಜಾ ಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಅವಳ ಗಿಲಕಿ ಬೆಳಕಿಗೆ ಮಿನುಗುತ್ತಿತ್ತು. ಚಿಕ್ಕಂದಿನಲ್ಲಿ ಕನ್ನಡ ಶಾಲೆಗೆ ಒಸಿ ದಿನ ಹೋಗಿದ್ದ ಖತೀಜಾ ಬಸ್ಸಿನ ಬೋರ್ಡುಗಳನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು. ಈಗಲೂ ಕನ್ನಡಕ ಸರಿಮಾಡಿಕೊಂಡು ಚೀಟಿಯತ್ತ ಬಾಗಿದಳು.

"ಕ. ಟಿ. ಜ." ಇನ್ನೊಮ್ಮೆ ಓದಿದಳು. ಮಗಳ ಕಡೆ ತಿರುಗಿದಳು. "ಇದ್ಯಾರೇ ಶೀಬಾ? ನನ್ ಗಿಲಕಿ ಪಕ್ಕ ಇವಳ ಹೆಸ್ರು ಯಾಕ್ ಐತೆ?"

ಶೀಬಾಗೆ ಆವತ್ತು ತಾನು ಗೋಡೆಗೆ ಬೈಯುತ್ತಿದ್ದಾಗ ಬೆನ್ನ ಹಿಂದೆ ಅಶ್ವಥ್ ಇಂಗ್ಲಿಷಲ್ಲಿ ಟಕಟಕ ಒತ್ತಿದ ಕೀಬೋರ್ಡಿನ ಸದ್ದು ನೆನಪಾಯಿತು. ಬ್ಯಾಗಿಗೆ ಕೈ ಹಾಕಿ ಅಂಗಡಿಯ ಮಾರ್ಕರ್ ತೆಗೆದಳು.

"ಮುಟ್ಟಂಗಿಲ್ಲಮ್ಮ," ಎಂದ ಕಾವಲಿನವನು.

"ಮುಟ್ತಿಲ್ಲ. ಬರೀತಿದೀನಿ."

ಮತೀನ್ ಹೋಗಿ ಕಾವಲಿನವನಿಗೆ ಅಡ್ಡ ನಿಂತ. ಶೀಬಾ ಗಾಜಿನ ಮೇಲೆ, ಆ ಚೀಟಿ ಮುಚ್ಚಿಹೋಗುವ ಹಾಗೆ, ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ಖತೀಜಾ ಹಿಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿಕೊಳ್ಳುತ್ತಿದ್ದಳು.

"ಖ. ತಿ," ಎಂದಳು. "ದೀರ್ಘ ಬುಟ್ಟಿದ್ದೀಯಲ್ಲೇ, ಎಳಿ."