ಒಳಗಿನ ಮಾತು ಹೊರಗೆ ತರದ ದೊಡ್ಡಮಾದಮ್ಮ

ಗುಂಡ್ಲುಪೇಟೆಯ ಕಡೆಗೆ ಹೋಗುವ ಮೊದಲ ಬಸ್ಸಿಗೆ ಇನ್ನೂ ಹೊತ್ತಿದೆ. ಹಂಗಳದ ಊರಂಚಿನ ಮನೆಯೊಂದರ ಹಿತ್ತಿಲಲ್ಲಿ ದೊಡ್ಡಮಾದಮ್ಮ ಸೀಗೆಪುಡಿ ಹಾಕಿ ಮೊಣಕೈವರೆಗೆ ಕೈ ಉಜ್ಜುತ್ತಿದ್ದಾರೆ. ಒಳಗೆ ಆಗಷ್ಟೇ ಹುಟ್ಟಿದ ಗಂಡುಕೂಸು ಊರೆಲ್ಲ ಎಬ್ಬಿಸುವಂತೆ ಅಳುತ್ತಿದೆ. ಜಗಲಿಯ ಮೇಲೆ ಕೂಸಿನ ಅಪ್ಪ ಸಿದ್ದಯ್ಯ, ಅವನೂ ಅಳುತ್ತಿದ್ದಾನೆ.

"ನಿಂಗೇನ್ಲಾ ಬಂದಿರೋದು? ಹೆತ್ತೋಳೇ ಸುಮ್ಕೆ ಮನಗವ್ಳೆ. ಓಗು, ಒಲೆ ಹಚ್ಚಿ ನೀರ್ ಕಾಯ್ಸು" ಎಂದು ಗದರುತ್ತಾರೆ. ಸಿದ್ದಯ್ಯ ಕಣ್ಣೊರೆಸಿಕೊಂಡು ಒಲೆ ಊದಲು ಕೂರುತ್ತಾನೆ.

ಗುಂಡ್ಲುಪೇಟೆಯ ಈ ಸೂಲಗಿತ್ತಿಗೆ ಅರವತ್ತರ ಹತ್ತಿರ ಹತ್ತಿರ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಅತ್ತೆಯಿಂದ ಕಲಿತ ಕೆಲಸ. ಎಷ್ಟು ಕೂಸುಗಳನ್ನು ಎತ್ತಿಕೊಂಡಿರಬಹುದು ಎಂದು ಕೇಳಿದರೆ, "ಎಣ್ಸುದ್ರೆ ದೃಷ್ಟಿ ಆಯ್ತದೆ, ಬುಡಿ" ಎನ್ನುತ್ತಾರೆ. ತೆರಕಣಾಂಬಿಯ ತನಕ ಗಾಡಿ ಬಂದರೆ ಗಾಡಿ, ಇಲ್ಲದಿದ್ದರೆ ಕಾಲೇ ಗತಿ. ಕೂಲಿಯೆಂದು ಕೇಳುವ ಪದ್ಧತಿಯಿಲ್ಲ. ಮೊರದ ತುಂಬ ರಾಗಿ, ಒಂದು ಸೀರೆ, ಎಲೆ ಅಡಿಕೆ. ಲಿಂಗಾಯತರ ಕೇರಿ, ಹೊಲೆಯರ ಕೇರಿ, ಸಾಬರ ಕೇರಿ ಎಲ್ಲ ಕಡೆಯೂ ಹಿತ್ತಿಲ ಬಾಗಿಲು ಈಕೆಗೆ ತೆರೆದೇ ಇರುತ್ತದೆ. ಗಂಡಸರು ಇಣುಕಲಾರದ ಕೋಣೆಗೆ ಈಕೆ ಕೂಗುತ್ತಲೇ ನುಗ್ಗುತ್ತಾರೆ.

ಅತ್ತೆ ಕೆಲಸದ ಜೊತೆಗೆ ಒಂದು ಕಟ್ಟಳೆಯನ್ನೂ ಕಲಿಸಿದ್ದರು. ಹೆರಿಗೆ ನೋವಿನಲ್ಲಿ ಹೆಂಗಸು ಏನೇ ಆಡಲಿ, ಗಂಡನನ್ನು ಬಯ್ಯಲಿ, ಅವನ ವಂಶ ಜಾಲಾಡಲಿ, ಆ ಮಾತನ್ನು ಅಲ್ಲೇ ಬಿಟ್ಟು ಬರಬೇಕು. "ನೋವಲ್ಲಿ ಆಡಿದ್ದು ನೋವಿಂದು, ಅವಳದಲ್ಲ ಅನ್ನೋರು ನಮ್ಮತ್ತೆ. ನಾಳೆ ಅವ್ಳೇ ನಕ್ಕಂಡು ಗಂಡಂಗೆ ಮುದ್ದೆ ಇಕ್ತಾಳೆ. ನಾವ್ಯಾಕೆ ಒತ್ಕಂಡು ತಿರುಗಾಡ್ಬೇಕು?" ಈ ಕಟ್ಟಳೆಯಿಂದಲೇ ಊರು ಈಕೆಯನ್ನು ನಂಬಿದೆ. ಈ ಕಟ್ಟಳೆಯೇ ಈಕೆಯ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಹೊಸ ಮೈಸೂರು ರಾಜ್ಯವಾಗುವುದಕ್ಕೆ ಒಂದು ವರ್ಷ ಮೊದಲು ಮೈಸೂರಿನಿಂದ ಖಮರುದ್ದೀನ್ ಎಂಬ ಪ್ರೊಫೆಸರರು ರೈಲಿನಲ್ಲಿ ಚಾಮರಾಜನಗರಕ್ಕೆ ಬಂದಿಳಿದರು. ಅವರದು ವಿಚಿತ್ರ ತಿರುಗಾಟ. ಈಜಿಪ್ಟು, ತುರ್ಕಿ ಎಲ್ಲ ಸುತ್ತಿ, ಸಾಬರ ಮನೆಮನೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಂಡು ಬಂದವರು: ಬಿಳಿಯರ ವಿದ್ಯೆ, ಔಷಧ, ನಡೆನುಡಿ, ಇದರಲ್ಲಿ ನಮಗೆ ಯಾವುದು ಬೇಕು, ಯಾವುದು ಬೇಡ? ಗುಂಡ್ಲುಪೇಟೆಯಲ್ಲಿ ಅವರು ಇಳಿದುಕೊಂಡದ್ದು ಚರ್ಮದ ಮಂಡಿ ಬುಡನ್ ಸಾಹೇಬರ ಮನೆಯಲ್ಲಿ. ಸಾಹೇಬರು ಜಗಲಿಯಲ್ಲಿ ಕೂತು ಖಡಾಖಂಡಿತವಾಗಿ ಹೇಳಿದರು: "ಅವರ ಜೊತೆ ವ್ಯಾಪಾರ ಇರಲಿ, ಸಹವಾಸ ಬೇಡ." ಕೂತಿದ್ದ ಗಂಡಸರೆಲ್ಲ ತಲೆಯಾಡಿಸಿದರು.

ಪ್ರೊಫೆಸರರಿಗೆ ಹೆಂಗಸರ ಮಾತೂ ಬೇಕಿತ್ತು. ಪರದೆಯ ಮನೆ, ಒಳಗೆ ಹೋಗುವಂತಿಲ್ಲ. ಸಾಹೇಬರ ಬಾಣಂತಿ ಕಿರಿಯ ಸೊಸೆಗೆ ಎಣ್ಣೆ ಹಚ್ಚಲು ಬಂದಿದ್ದ ದೊಡ್ಡಮಾದಮ್ಮನನ್ನೇ ಕರೆದು, "ಒಳಗೆ ಕೇಳಿಕೊಂಡು ಬಾರಮ್ಮ. ಹೇಳಿದ್ದನ್ನು ಹಾಗೇ ಹೇಳು" ಎಂದರು.

ಒಳಗೆ ಸಾಹೇಬರ ಹೆಂಡತಿ ಖೈರುನ್‌ಬೀ ಅಕ್ಕಿ ಆರಿಸುತ್ತಿದ್ದರು. ಪ್ರಶ್ನೆ ಕೇಳಿದ್ದೇ ತಡ, ಮೊರ ಕೆಳಗಿಟ್ಟರು. ಮಗಳು ಜೈತೂನ ಹುಟ್ಟುವಾಗ ಕೂಸು ಅಡ್ಡ ತಿರುಗಿತ್ತು. ತನ್ನ ಕೈಮೀರಿತೆಂದು ದೊಡ್ಡಮಾದಮ್ಮನೇ ಗಾಡಿ ಕಟ್ಟಿಸಿ ಮೈಸೂರಿಗೆ ಸಾಗಿಸಿದ್ದು, ಅಲ್ಲಿ ಬಿಳಿ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಉಳಿಸಿದ್ದು.

"ಮಂಡಿ ಚರ್ಮ ಬಿಳಿಯರ ಸೀಮೆಗೆ ಹೋಗ್ಬೋದು, ನನ್ನ ಮಗಳು ಮೈಸೂರಿಗೆ ಹೋಗ್ಬಾರ್ದಾ?" ಖೈರುನ್‌ಬೀ ದನಿ ಏರಿಸಿದರು. "ಜೈತೂನ ಓದ್ತಾಳೆ. ಆ ಡಾಕ್ಟರಮ್ಮನ ಹತ್ರ ನರ್ಸ್ ಕೆಲಸ ಕಲೀಲಿ. ನನಗೆ ಅದು ಬೇಕು. ಹೋಗಿ ಹೇಳು, ಮಾದಮ್ಮಾ. ಜಗಲೀಲಿ ಕೂತಿರೋ ನಮ್ಮ ಇವರಿಗೂ ಕೇಳೋ ಹಾಗೇ ಹೇಳು." ಮೂಲೆಯಲ್ಲಿ ಜೈತೂನ ಕೇಳಿಸಿಕೊಳ್ಳುತ್ತ ನಿಂತಿದ್ದಳು.

ದೊಡ್ಡಮಾದಮ್ಮ ನೋಡಿದರು: ಕೆಂಪೇರಿದ ಮುಖ, ಹಣೆಯ ಮೇಲೆ ಬೆವರು, ಗಂಡನ ಮೇಲೆ ಸಿಟ್ಟು. ಇಂಥದ್ದನ್ನು ಜೀವಮಾನವೆಲ್ಲ ನೋಡಿದ್ದಾರಲ್ಲ! ನೋವಿನ ಮಾತು, ನಾಳೆ ತಣ್ಣಗಾಗುತ್ತದೆ ಅಂದುಕೊಂಡರು. ಹೊರಗೆ ಬಂದು ಸೆರಗು ಹೊದ್ದು ನಿಂತು, "ಗಂಡಸ್ರು ಯೋಳ್ದಂಗೆಯಾ ಬುದ್ದಿ. ಒಳಗಿನವ್ರದು ಬ್ಯಾರೆ ಏನದೆ?" ಎಂದರು. ಪ್ರೊಫೆಸರರು ಪೆನ್ನಿನ ಮುಚ್ಚಳ ಹಾಕಿದರು. ಬುಡನ್ ಸಾಹೇಬರು ಮೀಸೆ ತೀಡಿಕೊಂಡರು.

"ಒಂದು ಸಂಸಾರ ಉಳಿಸ್ಬುಟ್ಟೆ ಅಂತ ಜಂಬ ಬಂದ್ಬುಟ್ಟಿತ್ತು ನಂಗೆ" ಎನ್ನುತ್ತಾರೆ ಈಗ. ಆಮೇಲೆ ತೆರಕಣಾಂಬಿಯಿಂದ ಸುದ್ದಿ ಬಂತು. ಅಲ್ಲೊಬ್ಬ ತಾಯಿ ಪರದೆಯ ಹಿಂದಿನಿಂದಲೇ ಮಗಳ ಓದಿನ ಮಾತೆತ್ತಿದ್ದಳಂತೆ. ಪ್ರೊಫೆಸರರು ಎರಡು ದಿನ ಅಲ್ಲೇ ಠಿಕಾಣಿ ಹೂಡಿ, ಅವಳ ಗಂಡನನ್ನು ಒಪ್ಪಿಸಿ, ಹುಡುಗಿಯನ್ನು ಮೈಸೂರಿನ ಶಾಲೆಗೆ ಸೇರಿಸಿಯೇ ಬಿಟ್ಟರಂತೆ. ದೊಡ್ಡಮಾದಮ್ಮನಿಗೆ ಅಂದು ಊಟ ಸೇರಲಿಲ್ಲ. ಪ್ರೊಫೆಸರರಿಗೆ ಹೇಳಿಕಳಿಸೋಣವೆಂದರೆ ಅವರು ಆಗಲೇ ಮದರಾಸಿನ ಕಡೆ ಹೊರಟುಹೋಗಿದ್ದರು. ಬುಡನ್ ಸಾಹೇಬರಿಗೆ ತಾನೇ ಹೇಳುವಷ್ಟು ಗುಂಡಿಗೆ ಇರಲಿಲ್ಲ.

ರಾಗಿ ಕೊಯ್ಲು ಮುಗಿಯುತ್ತಲೇ ಜೈತೂನಳ ಮದುವೆ ಗೊತ್ತಾಯಿತು. ಗಂಡು ಕೊಳ್ಳೇಗಾಲದ ಕಡೆಯವನು, ಒಳ್ಳೆಯವನೇ. ಮದರಂಗಿ ಅರೆಯುವಾಗ ಖೈರುನ್‌ಬೀ ಮೆಲ್ಲಗೆ ಕೇಳಿದರು: "ಆವತ್ತು ಪ್ರೊಫೆಸರ್ ಸಾಹೇಬರು ಏನಂದ್ರು, ಮಾದಮ್ಮಾ? ಅವರೂ ಬೇಡ ಅಂದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಒಪ್ಪಿಸಿದರು. ಖೈರುನ್‌ಬೀ ಬಯ್ಯಲಿಲ್ಲ, ಅಳಲಿಲ್ಲ. ಅರೆಯುವ ಕೈ ನಿಲ್ಲಿಸಿ, "ನೀನೂ ಗಂಡಸರ ಹಾಗೇ ನನ್ನ ಮಾತು ಕೇಳಿದೆ" ಎಂದರಷ್ಟೆ.

"ಕೆನ್ನೆಗೆ ಎರಡು ಬುಟ್ಟಿದ್ರೆ ತಡ್ಕಬೋದಿತ್ತು ಕಣವ್ವ." ದೊಡ್ಡಮಾದಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ. "ಬೂವಮ್ಮ ನೋವಲ್ಲಿ ಆಡಿರ್ನಿಲ್ಲ. ಬೇಕು ಅಂತ ಆಡಿದ್ಲು. ಅಷ್ಟು ಕೂಸ ಎತ್ಕಂಡ ನಂಗೆ ಅದು ತಿಳೀದೆ ಓಯ್ತಲ್ಲ!"

ಈ ತಿಂಗಳ ಕೊನೆಗೆ ಜೈತೂನ ಚೊಚ್ಚಲು ಬಾಣಂತನಕ್ಕೆ ತವರಿಗೆ ಬರುತ್ತಿದ್ದಾಳೆ. ಖೈರುನ್‌ಬೀ ಮತ್ತೆ ಹೇಳಿಕಳಿಸಿರುವುದು ದೊಡ್ಡಮಾದಮ್ಮನಿಗೇ. ಬೇರೆ ಯಾರನ್ನೂ ನಂಬಲಾರರಂತೆ. ಆ ನಂಬಿಕೆಯನ್ನು ನೆನೆದರೆ ಈಕೆಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು.

ಬಸ್ಸು ಬಂದಿದೆ. ಸಿದ್ದಯ್ಯ ರಾಗಿಯ ಗಂಟನ್ನು ಮೇಲೆ ಎತ್ತಿಕೊಡುತ್ತಾನೆ. ಸರ್ಕಾರದಿಂದ ಏನಾದರೂ ಬೇಕೇ ಎಂದು ಕೇಳಿದರೆ ಆಕೆ ಕಿಟಕಿಯಿಂದ ಮುಖ ಹೊರಹಾಕಿ ಬೇಡವೆಂದು ತಲೆಯಾಡಿಸುತ್ತಾರೆ.

"ಸರ್ಕಾರ ಏನ್ ಕೊಟ್ಟಾದು? ಆ ಪ್ರೊಪೇಸರು ಇನ್ನೊಂದ್ ಸಲ ಬಂದ್ರೆ ಸಾಕು. ನಾನ್ ಒಳಿಕ್ಕೆ ಓಗಿ ಕೇಳ್ಕಂಬರಕಿಲ್ಲ. ಪರದೆ ಮಗ್ಗುಲಿಗೇ ಅವುರ್ನ ಕೂರ್ಸಿ, 'ಬೂವಮ್ಮ, ಈಗ ನೀನೇ ಮಾತಾಡು' ಅಂತೀನಿ."