ಅಮ್ಮನ ಕೆಂಪುಕಲ್ಲಿನ ಪದಕ

ನಾನು ಚಿಕ್ಕವಳಿದ್ದಾಗ, ಅಂದರೆ ಏಳು ತುಂಬಿ ಎಂಟಕ್ಕೆ ಬಿದ್ದಿದ್ದಾಗ, ನಮ್ಮ ಅಮ್ಮ ತೀರಿಕೊಂಡಳು. ಮುಖ ಸಪ್ಪಗೆ ಮಾಡಬೇಡಿ ಮಕ್ಕಳೇ, ಐವತ್ತು ವರ್ಷದ ಹಿಂದಿನ ಮಾತು. ಆಗ ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಮನೆಯ ಹಿಂದೆಲ್ಲ ಬರೀ ರಾಗಿ ಹೊಲ. ನಾನು ಹೇಳಬೇಕಾಗಿರುವುದು ಅಮ್ಮನ ಪದಕದ ವಿಷಯ.

ಒಂದು ರೂಪಾಯಿ ಅಗಲದ ಚಿನ್ನದ ಪದಕ. ನಡುವೆ ದಾಳಿಂಬೆ ಬೀಜದಂಥ ಒಂದು ಮಾಣಿಕ್ಯ, ಸುತ್ತ ಆರು ಪುಟ್ಟವು. ನಾವು ಅವನ್ನು ಕೆಂಪು ಅನ್ನುತ್ತಿದ್ದೆವು. ತವರಿನಿಂದ ಬಂದದ್ದು. ಅಮ್ಮ ನನ್ನ ತಲೆ ಬಾಚಲು ಬಗ್ಗಿದರೆ ಅದು ಕೆನ್ನೆಗೆ ತಣ್ಣಗೆ ತಾಕುತ್ತಿತ್ತು. ಮುಂದೆ ಅದು ಅಕ್ಕನ ಮದುವೆಗೆ ಎಂದು ಮೊದಲೇ ಮಾತಾಗಿತ್ತು.

ನಮ್ಮಲ್ಲಿ ಮುತ್ತೈದೆ ಸತ್ತರೆ ಮೀಯಿಸಿ, ಅರಿಶಿನ ಹಚ್ಚಿ, ಹೊಸ ಸೀರೆ ಉಡಿಸಿ, ಹೂವು ಮುಡಿಸಿ, ಒಡವೆಯನ್ನೂ ಹಾಕುತ್ತಾರೆ. ಮಣ್ಣಿಗೆ ಇಳಿಸುವ ಮೊದಲು ಹೆಂಗಸರೇ ಒಡವೆ ಬಿಚ್ಚಿಕೊಳ್ಳಬೇಕು. ಅಮ್ಮನಿಗೆ ಇದನ್ನೆಲ್ಲ ಮಾಡಿದವಳು ಅತ್ತೆ, ಅಪ್ಪನ ತಂಗಿ. ಓಲೆ, ಬಳೆ, ಮೂಗುತಿ ಬಿಚ್ಚಿ ಅಜ್ಜಿಯ ಸೆರಗಿಗೆ ಹಾಕಿದಳು. ಅಜ್ಜಿ ಅಂದರೆ ಅಮ್ಮನ ತಾಯಿ. ಪದಕವನ್ನು ಅಜ್ಜಿ ಆಗಲೇ ತೆಗೆದಿದ್ದಾಳೆ ಎಂದುಕೊಂಡಳು. ಅದು ಹೂವಿನ ಹಾರದ ಅಡಿಗೆ ಸರಿದಿತ್ತು.

ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ನನ್ನ ಕೈಗೂ ಒಂದು ಹಿಡಿ ಮಣ್ಣು ಕೊಟ್ಟರು. ಬಗ್ಗಿದಾಗ ಸೇವಂತಿಗೆಯ ಸಂದಿಯಲ್ಲಿ ಆ ಕೆಂಪು ಕಂಡಿತು. ನೋಡಿದೆ. ಮಣ್ಣು ಹಾಕಿದೆ. ಅಳು ಬರಲಿಲ್ಲ, ಹೇಳಬೇಕು ಅಂತಲೂ ಅನ್ನಿಸಲಿಲ್ಲ. ಮಣ್ಣು ಒದ್ದೆಯಾಗಿತ್ತು, ಉಗುರಿನೊಳಗೆ ಸೇರಿಕೊಂಡಿತ್ತು, ಅಷ್ಟೇ ಗೊತ್ತು.

ಮೂರನೇ ದಿನ ಹಾಲುತುಪ್ಪ. ಆ ಮಣ್ಣಿನ ಮೇಲೆ ಹಾಲು, ತುಪ್ಪ ಬಿಟ್ಟು, ಎಡೆ ಇಟ್ಟು ಮನೆಗೆ ಬಂದೆವು. ಅತ್ತೆ ಊಟಕ್ಕೆ ಎಲೆ ಹಾಕುತ್ತಿದ್ದಳು. ಅಜ್ಜಿ ಗಂಟು ಬಿಚ್ಚಿ ಒಡವೆ ನೋಡಿದಳು.

“ಪದಕ ಎಲ್ಲೈತೆ?”

“ನೀವೇ ತೆಗುದ್ರಿ ಅಂದ್ಕಂಡೆ ಕಣಮ್ಮ,” ಎಂದಳು ಅತ್ತೆ.

“ನೀರಾಕ್ದೋಳು ನೀನು, ಬಿಚ್ಚಿದೋಳು ನೀನು. ನನ್ನ ಕೇಳ್ತೀಯಾ?”

ಜಗುಲಿಯಲ್ಲಿದ್ದ ನೆಂಟರು ಒಳಗೆ ಬಂದರು. ಅತ್ತೆ ತನ್ನ ಬುಟ್ಟಿ ತಂದು ಎಲ್ಲರೆದುರು ಸುರಿದಳು. ಒಂದು ಸೀರೆ, ಒಂದು ಬಾಚಣಿಗೆ, ಎಲೆಅಡಿಕೆ ಚೀಲ. ಆಮೇಲೆ ನನ್ನ ಮುಂದೆ ಕುಳಿತಳು. ಅವಳ ಕೈಯ ಅರಿಶಿನದ ವಾಸನೆ ಇನ್ನೂ ಹೋಗಿರಲಿಲ್ಲ.

“ನೀನು ಪಕ್ಕದಲ್ಲೇ ಇದ್ದೆಯಲ್ಲ ಮಗ. ಅಮ್ಮನ ಕುತ್ಗೇಲಿ ಪದಕ ನೋಡ್ದ್ಯಾ?”

ಹೌದು ಎಂದರೆ ಅಮ್ಮನನ್ನು ಅಗೆದು ತೆಗೆಯುತ್ತಾರೆ. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಇಲ್ಲವೆಂದು ತಲೆಯಾಡಿಸಿದೆ.

ಅಪ್ಪ ಗೋಡೆ ನೋಡುತ್ತಾ, “ಓಗ್ಲಿ ಬಿಡಿ,” ಎಂದ. ತಂಗಿ ಕದ್ದಿಲ್ಲ ಎಂದು ಮಾತ್ರ ಹೇಳಲಿಲ್ಲ. ಅತ್ತೆ ಊಟಕ್ಕೆ ಕೂರದೆ ಬುಟ್ಟಿ ತುಂಬಿಕೊಂಡಳು. ಮುಂದೆ ಅಕ್ಕನ ಮದುವೆಗೂ ಅವಳು ಬರಲಿಲ್ಲ. ನಾನು ದೊಡ್ಡವಳಾಗಿ ಅಪ್ಪನಿಗೆ ನಿಜ ಹೇಳುವ ಹೊತ್ತಿಗೆ ಅತ್ತೆಯೇ ಇರಲಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ಆ ಹೊಲ ಹೋಗಿ ಗಾಜಿನ ಕಟ್ಟಡಗಳು ಬಂದಿವೆ. ನೀವು ಮೇಲಿನ ಮಹಡಿಯಲ್ಲಿ ಒಂದು ರಬ್ಬರ್ ಕಳೆದರೂ “ನಾನಲ್ಲ, ಅವನು” ಎಂದು ಮನೆ ಕಿತ್ತುಹೋಗುವ ಹಾಗೆ ಕೂಗುತ್ತೀರಿ. ಕೆಳಗಿನ ಬಾಡಿಗೆಯವರು ದೂರು ಹೇಳುತ್ತಾರೆ. ನಾನು ಯಾಕೆ ನಿಮ್ಮನ್ನು ಗದರುವುದಿಲ್ಲ ಎಂದು ನಿಮ್ಮಮ್ಮ ಕೇಳುತ್ತಾಳೆ. ನಮ್ಮ ಮನೆಯಲ್ಲಿ ಆ ದಿನ ಯಾರೂ ಕೂಗಲಿಲ್ಲ. ಅತ್ತೆ ಬುಟ್ಟಿ ಹೊತ್ತು ಬಸ್ಸಿನ ದಾರಿ ಹಿಡಿದಳು. ತಿರುವಿನಲ್ಲಿ ನಿಂತು ಒಂದು ಸಲ ನನ್ನ ಕಡೆ ನೋಡಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.