ನೀಲಕ್ಕ ಎರೆದ ನೀರು

ಚಿಗಳ್ಳಿಯ ಅರ್ಧ ಊರಿಗೆ ಹುಟ್ಟಿದಾಗ ಮೊದಲ ನೀರು ಎರೆದವಳು ನೀಲಕ್ಕ. ಬಾಣಂತಿಯರಿಗೆ ಮೈ ಕೆಂಪೇರುವಷ್ಟು ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸಿಬಿಡುವಳು. ಆಶಾ ಕಾರ್ಯಕರ್ತೆಯಾದ ನನಗೂ ಅವಳಿಗೂ ಹದಿನೈದು ವರ್ಷ ಆ ಕಿಟಕಿಯದೇ ಜಗಳ. ನಾನು ತೆರೆಯುವುದು, ಅವಳು ಮುಚ್ಚುವುದು. ಹಟಮಾರಿ ಮುದುಕಿ! ಆದರೆ ಅವಳ ಕೈಯಲ್ಲಿ ಮಿಂದ ಕೂಸು ಮೂರು ತಾಸು ಕಣ್ಣು ಬಿಡುತ್ತಿರಲಿಲ್ಲ.

ನೀಲಕ್ಕನ ಮಗಳು ದ್ರಾಕ್ಷಾಯಣಿಯ ಬಾಣಂತನವೂ ಅದೇ ಕಿಟಕಿ ಮುಚ್ಚಿದ ಕೋಣೆಯಲ್ಲೇ ಆಯಿತು. ಹೆರಿಗೆಯಾದ ಮೂರು ತಿಂಗಳಿಗೆ ಅವಳ ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು. ಹುಬ್ಬಳ್ಳಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈ ಕಾಯುವ ಶಕ್ತಿಯೇ ನರಗಳ ಹೊದಿಕೆಯನ್ನು ಕಡಿಯುವ ರೋಗವಂತೆ.

ಈಚೆಗೆ ಸಂಶೋಧನೆಗೆಂದು ಹೆಣ್ಣು ಡಾಕ್ಟರೊಬ್ಬರು, ನಮ್ಮ ಮಾತಲ್ಲಿ ಬಾಯಾರು, ಬಂದು ದ್ರಾಕ್ಷಾಯಣಿಯ ರಕ್ತ ತೆಗೆದುಕೊಂಡರು. ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಕಡಿಮೆಯಾಗುವುದೂ ಈ ರೋಗಕ್ಕೆ ಒಂದು ಕಾರಣ ಎಂದರು. ನನ್ನ ನಾಲಿಗೆಗೆ ಎಲುಬೆಲ್ಲಿದೆ?

"ಕಿಟಕಿ ತಗಿ ಅಂತ ಹದಿನೈದು ವರ್ಷ ಬಡ್ಕೊಂಡ್ನಿ, ಕೇಳಿದಿಯೇನು?" ಎಂದು ನೀಲಕ್ಕನಿಗೆ ಅಂದುಬಿಟ್ಟೆ.

ಮರುದಿನದಿಂದ ನೀಲಕ್ಕ ಯಾರ ಮನೆಗೂ ಎರೆಯಲು ಹೋಗಲಿಲ್ಲ, ಮಗಳಿಗೂ ಎರೆಯಲಿಲ್ಲ. ಕೈಯಾರೆ ಮಗಳನ್ನು ಹಾಳುಮಾಡಿದೆನೆಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ನನ್ನ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕೆನಿಸಿತು.

ಬಾಯಾರನ್ನು ಮತ್ತೆ ಕರೆತಂದೆ. ಅವರು ನಿಧಾನವಾಗಿ ತಿಳಿಸಿದರು. ರೋಗ ಬಂದವರು ಮನೆಯೊಳಗೇ ಇರುವುದರಿಂದಲೂ ಬಿಸಿಲು ತಪ್ಪುತ್ತದೆ. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳುವುದು ಕಷ್ಟ. ಆದರೆ ತಾಯಿ ತಂದೆಯಿಂದ ಬರುವ ಜೀನ್ ಹಾಗಲ್ಲ, ಕೂಸು ಹುಟ್ಟುವ ಮೊದಲೇ ಚೀಟಿ ಎತ್ತಿದಂತೆ ಬಂದಿರುತ್ತದೆ, ರೋಗ ಅದನ್ನು ಬದಲಿಸಲಾರದು. ವಿಟಮಿನ್ ಡಿ ಕಡಿಮೆಯಾಗಿಸುವಂಥ ಜೀನ್ ಬಂದವರಲ್ಲಿ ಈ ರೋಗ ಹೆಚ್ಚೇ ಎಂದು ಸಾವಿರಾರು ಜನರಲ್ಲಿ ನೋಡಿಯೇ ಆ ಕೊರತೆಯನ್ನು ಕಾರಣವೆಂದು ಗುರುತಿಸಿದ್ದು. ಅದೂ ಹಲವು ಕಾರಣಗಳಲ್ಲಿ ಒಂದು. ಒಂದು ತಿಂಗಳ ಬಾಣಂತಿ ಕೋಣೆಯಿಂದ ಬರುವ ರೋಗ ಇದಲ್ಲ.

ನೀಲಕ್ಕ ಕೇಳಿದಳು: "ಹಂಗಾರ ಆ ಚೀಟಿ ಕೊಟ್ಟಾಕಿ ನಾನ ಅಲ್ಲೇನ್ರೀ?"

ಗೋಡೆ ಹಿಡಿದುಕೊಂಡು ಬಂದ ದ್ರಾಕ್ಷಾಯಣಿಯೇ ಹೇಳಿದಳು: "ಕೊಟ್ಟಿರಬೇಕು ಯವ್ವಾ. ಈ ಮೂಗೂ ನೀನ ಕೊಟ್ಟಿ, ಈ ಹಟಾನೂ ನೀನ ಕೊಟ್ಟಿ. ಆರಿಸಿ ಕೊಟ್ಟಿಯೇನು? ಬಾ, ತಲಿಗೆ ಎರಿ. ಎಂಟು ದಿನಾ ಆತು."

ನಾನು ಹಿತ್ತಲ ಬಿಸಿಲಲ್ಲಿ ಮಣೆ ಹಾಕಿದೆ. ನೀಲಕ್ಕ ಬೇಡವೆನ್ನಲಿಲ್ಲ. ಈ ರೋಗದಲ್ಲಿ ನೀರು ಬಿಸಿಯಾದರೆ ಮಗಳ ಕಾಲು ಸೋಲುತ್ತವೆಂದು, ಊರಿಗೆಲ್ಲ ಸುಡುನೀರು ಎರೆದವಳು ಕೊಡಕ್ಕೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದಳು. ಇನ್ನಷ್ಟು ಬೆರೆಸಿದಳು. ತಂಬಿಗೆ ತುಂಬಿ ಎತ್ತಿದವಳು ಮತ್ತೆ ಕೊಡಕ್ಕೇ ಸುರಿದಳು.

"ಹೆದರಬ್ಯಾಡ ಯವ್ವಾ, ಎರಿ," ಅಂದಳು ಮಗಳು.